ಮಜಗಾಂವ್‌ನ ಓಣಿಗಳಲ್ಲಿ ಊರಿನವರೇ ಮಾರ್ಗದರ್ಶಕರು

ಊರಿನಿಂದ ನೆಂಟರು ಬಂದಾಗಲೆಲ್ಲ ಗೇಟ್‌ವೇ, ಮರೀನ್ ಡ್ರೈವ್, ಸಿದ್ಧಿವಿನಾಯಕ ಎಂದು ಅದೇ ದಾರಿ ಸುತ್ತಿಸಿ ಬೇಸತ್ತ ಮುಂಬಯಿ ಕನ್ನಡಿಗರು, ಹಾರ್ಬರ್ ಮಾರ್ಗದ ಡಾಕ್‌ಯಾರ್ಡ್ ರೋಡ್ ನಿಲ್ದಾಣದಲ್ಲಿ ಇಳಿದು ಸ್ಥಳೀಯ ಸ್ವಯಂಸೇವಕರೊಂದಿಗೆ ಮಜಗಾಂವ್ ಸುತ್ತುವ ಭಾನುವಾರದ ಈ ನಡಿಗೆಗೆ ಒಮ್ಮೆ ಹೋಗಬೇಕು. ಮೊದಲೇ ಹೆಸರು ನೋಂದಾಯಿಸಬೇಕು ಎಂಬುದನ್ನು ಬಿಟ್ಟರೆ ಬೇರೆ ಷರತ್ತಿಲ್ಲ, ಶುಲ್ಕವೂ ಇಲ್ಲ. ಕೊನೆಯಲ್ಲಿ ಹಣ ಕೊಡಹೋದರೆ ಕೈಮುಗಿದು ಬೇಡವೆನ್ನುತ್ತಾರೆ.

ನಮ್ಮನ್ನು ಕರೆದೊಯ್ದವರು ಇಲ್ಲಿಯೇ ಹುಟ್ಟಿ ಬೆಳೆದು, ಹಡಗುಕಟ್ಟೆಯ ನೌಕರಿಯಿಂದ ನಿವೃತ್ತರಾದ ಹಿರಿಯರು. ನಿಲ್ದಾಣದ ಪಕ್ಕದ ಗುಡ್ಡದ ಮೇಲಿರುವ ಜೋಸೆಫ್ ಬ್ಯಾಪ್ಟಿಸ್ಟಾ ಉದ್ಯಾನದಿಂದ ಮಜಗಾಂವ್ ಡಾಕ್‌ನ ಕ್ರೇನುಗಳನ್ನು ತೋರಿಸುತ್ತಾ, ಟಿಳಕರ ಒಡನಾಡಿಯಾಗಿದ್ದು ಹೋಂ ರೂಲ್ ಚಳವಳಿಯಲ್ಲಿ ದುಡಿದು 1925ರಲ್ಲಿ ಮುಂಬಯಿಯ ಮೇಯರ್ ಆದ ಬ್ಯಾಪ್ಟಿಸ್ಟಾ ಅವರ ಕಥೆಯನ್ನು ಮರಾಠಿ ಬೆರೆತ ಹಿಂದಿಯಲ್ಲಿ ಹೇಳಿದರು. ಉದ್ಯಾನ ಸಾಧಾರಣವಾದದ್ದು, ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ನಡಿಗೆಯ ಜೀವಾಳವೆಂದರೆ ಮ್ಹಾತಾರ್‌ಪಾಖಾಡಿ. ಹೊರಗಿನಿಂದಲೇ ಮಹಡಿಗೆ ಏರುವ ಮರದ ಮೆಟ್ಟಿಲು, ಕೆತ್ತನೆಯ ಕಟಾಂಜನ, ಹೆಂಚಿನ ಮಾಡು ಇರುವ ಈಸ್ಟ್ ಇಂಡಿಯನ್ ಎಂದು ಕರೆದುಕೊಳ್ಳುವ ಮುಂಬಯಿಯ ಮೂಲನಿವಾಸಿ ಕ್ರೈಸ್ತರ ಈ ಕೇರಿಯನ್ನು ನಾವೇ ಹೋಗಿ ನೋಡಬಹುದು, ಆದರೆ ಮುಚ್ಚಿದ ಬಾಗಿಲುಗಳನ್ನಷ್ಟೇ ನೋಡಿ ಮರಳುತ್ತೇವೆ. ಮಾರ್ಗದರ್ಶಕರ ದನಿ ಕೇಳಿದೊಡನೆ ಅಜ್ಜಿಯೊಬ್ಬರು ಹೊರಬಂದು, ಬೇಸಿಗೆಯಲ್ಲಿ ಒಣಗಿಸಿ ಹುರಿದು ಕುಟ್ಟಿದ ಮಸಾಲೆಯನ್ನು ಕಂದು ಬಣ್ಣದ ಬಿಯರ್ ಬಾಟಲಿಯಲ್ಲಿ ಗಾಳಿಯಾಡದಂತೆ ಒತ್ತಿ ತುಂಬಿರುವುದನ್ನು ತೋರಿಸಿದರು. ಅದೇ ಅವರ ಪ್ರಸಿದ್ಧ ಬಾಟಲಿ ಮಸಾಲೆ. ನಮ್ಮೊಡನಿದ್ದ ಮಂಗಳೂರು ಮೂಲದ ಕೊಂಕಣಿ ಮಹಿಳೆ ಅದರ ವಾಸನೆ ನೋಡಿ, ತಮ್ಮ ಮನೆಯ ಬಫಾತ್ ಪುಡಿಯೊಂದಿಗೆ ಹೋಲಿಸಿ ಮಾತಿಗಿಳಿದರು; ಇಬ್ಬರನ್ನೂ ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು. ಗೋವಾ ಮತ್ತು ಮಂಗಳೂರಿನಿಂದ ಕೆಲಸಕ್ಕೆ ಬಂದ ಕ್ರೈಸ್ತರಿಂದ ತಮ್ಮನ್ನು ಬೇರೆಯಾಗಿ ಗುರುತಿಸಿಕೊಳ್ಳಲು ಈ ಮೂಲನಿವಾಸಿಗಳು 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ, ಈಸ್ಟ್ ಇಂಡಿಯನ್ ಎಂಬ ಹೆಸರನ್ನು ಆರಿಸಿಕೊಂಡರೆಂದು ಮಾರ್ಗದರ್ಶಕರು ವಿವರಿಸಿದ್ದು ಆ ಜಗಲಿಯ ಮೇಲೆಯೇ.

ದೋಷಗಳೂ ಇವೆ. ಇದು ಪರಿಚಯದ ಬಲದಿಂದ ನಡೆಯುವ ವ್ಯವಸ್ಥೆಯಾದ್ದರಿಂದ ಅಜ್ಜಿ ಮನೆಯಲ್ಲಿಲ್ಲದ ದಿನ ಅನುಭವ ಪೂರ್ತಿ ಬೇರೆಯೇ ಆದೀತು. ಕಂಡ ಮನೆಗೆಲ್ಲ ‘ಇನ್ನೂರು ವರ್ಷ’ ಎಂದು ಹೇಳುವ ರೂಢಿಯನ್ನು ಮಾರ್ಗದರ್ಶಕರು ಬಿಟ್ಟರೆ ಒಳ್ಳೆಯದು, ಏಕೆಂದರೆ ಅವರ ಬಾಲ್ಯದ ನೆನಪುಗಳಿಗಿರುವ ತೂಕ ಇಂಥ ಅಂದಾಜುಗಳಿಗಿಲ್ಲ. ಕೇರಿಯಲ್ಲಿ ಹೊತ್ತು ಕಳೆದುಹೋಗಿ, 1919ರಲ್ಲಿ ಕಟ್ಟಿದ ಸೀ ಯಪ್ ಕೂನ್ ಎಂಬ ಚೀನೀ ಗುಡಿಗೆ ಕೊನೆಯಲ್ಲಿ ಅವಸರದಿಂದ ಓಡಬೇಕಾಯಿತು. ಕ್ಯಾಂಟನ್ ಕಡೆಯಿಂದ ಬಂದ ನಾವಿಕರ ಸಮುದಾಯದ ಗುಡಿಯಿದು. 1962ರ ಯುದ್ಧದ ನಂತರ ಇಲ್ಲಿನ ಚೀನೀ ಕುಟುಂಬಗಳು ಬಹಳ ಕಡಿಮೆಯಾದವು. ಇದಕ್ಕೆ ಇನ್ನೂ ಅರ್ಧ ಗಂಟೆಯನ್ನಾದರೂ ಮೀಸಲಿಡಬೇಕಿತ್ತು.

ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಬೆಳಗಿನ ತಂಡವನ್ನೇ ಆರಿಸಿಕೊಳ್ಳಿ, ಜನರ ಮನೆಯೊಳಕ್ಕೆ ಕ್ಯಾಮೆರಾ ಹಿಡಿಯಬೇಡಿ. ಗುಡಿಯ ಮೇಲಂತಸ್ತಿನ ಮೆಟ್ಟಿಲು ಕಡಿದಾಗಿರುವುದರಿಂದ ಮಂಡಿನೋವಿರುವ ಹಿರಿಯರನ್ನು ಕರೆತರುವವರು ಈ ವಿಷಯವನ್ನು ನೋಂದಾಯಿಸುವಾಗಲೇ ತಿಳಿಸುವುದು ಉತ್ತಮ.