ಬಿಸಿ ಇಂಜಿನ್, ಮೂರನೆಯ ಸಿಲಿಂಡರ್: ಮಿಸ್ಸಿಂಗ್ ಪತ್ತೆಗೆ ಯಾವ ದಾರಿ ಎಷ್ಟು ನಂಬಿಕಸ್ಥ?

ಹಳೆಯ ಕಾರು ಕೊಂಡ ಮೂರನೆಯ ವಾರಕ್ಕೆ ಅದರ ಸ್ವಭಾವ ಬಯಲಾಯಿತು. ಬೆಳಿಗ್ಗೆ ಚಾಲೂ ಮಾಡಿದರೆ ಸಾಧು ಪ್ರಾಣಿ. ಕಾಲು ಗಂಟೆ ಓಡಿ ಪೂರ್ತಿ ಬಿಸಿಯಾದ ಮೇಲೆ ಇಂಜಿನ್ ಓಡುತ್ತಿರುವಂತೆಯೇ ಗಾಡಿ ನಿಲ್ಲಿಸಿದರೆ ಸ್ಟಿಯರಿಂಗ್ ನಡುಗುತ್ತಿತ್ತು, ಸೈಲೆನ್ಸರಿನಿಂದ ತಾಳ ತಪ್ಪಿದ ‘ಪುಸ್, ಪುಸ್’ ಸದ್ದು ಬರುತ್ತಿತ್ತು. ಆಕ್ಸಿಲರೇಟರನ್ನು ತುಸು ಒತ್ತಿದರೆ ಎಲ್ಲವೂ ಮಾಯ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಕಿಡಿ ಹಾರಿಸುವ ಪ್ರತಿ ಪ್ಲಗ್ಗಿಗೂ ವಿದ್ಯುತ್ ಕೊಡುವ ಬೇರೆ ಕಾಯಿಲ್. ಈ ಮಿಸ್ಸಿಂಗಿನ, ಅಂದರೆ ಸಿಲಿಂಡರ್ ಉರಿಯದೆ ತಪ್ಪುವ ಕಾಯಿಲೆಯ, ಮೂಲ ಸಿಗುವಷ್ಟರಲ್ಲಿ ಎರಡು ತಿಂಗಳು ಕಳೆದವು. ಆ ಅವಧಿಯಲ್ಲಿ ಒಂದಾದ ಮೇಲೊಂದರಂತೆ ಹಿಡಿದ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಹೆಚ್ಚು ಖರ್ಚಾದದ್ದು ಏನೂ ಹೇಳದ ದಾರಿಗೆ.

ಅದು ಅಂದಾಜಿನ ಮೇಲೆ ಬಿಡಿಭಾಗ ಬದಲಾಯಿಸುವ ದಾರಿ. ಮೊದಲು ಹೋದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ, ಐದು ನಿಮಿಷ ಕಿವಿಗೊಟ್ಟು, ‘ಕಾಯಿಲ್ ಹೋಗಿದೆ’ ಎಂದರು. ನಾಲ್ಕು ಕಾಯಿಲ್, ನಾಲ್ಕು ಪ್ಲಗ್ ಹೊಸದಾದವು. ಎರಡು ದಿನ ಎಚ್ಚರಿಕೆಯ ದೀಪ ಹೊತ್ತಲಿಲ್ಲ, ನಾನೂ ಗೆದ್ದೆನೆಂದುಕೊಂಡೆ. ಅಸಲಿಗೆ ಅವರು ಗಾಡಿಯ ಕಂಪ್ಯೂಟರಿನಲ್ಲಿದ್ದ ದೋಷದ ದಾಖಲೆಯನ್ನು ಅಳಿಸಿದ್ದರು. ಸಾಧಾರಣ ಮಿಸ್ಸಿಂಗನ್ನು ಸತತ ಎರಡು ಓಟಗಳಲ್ಲಿ ಕಂಡ ಮೇಲೆಯೇ ದೀಪ ಹೊತ್ತಿಸುವುದು ಆ ಕಂಪ್ಯೂಟರಿನ ರೂಢಿ. ಆ ಎರಡು ದಿನದ ನೆಮ್ಮದಿ ದುರಸ್ತಿಯದಲ್ಲ, ಮರೆವಿನದು.

ಆಮೇಲೆ ಕೊಂಡದ್ದು ಆ ಕಂಪ್ಯೂಟರಿನ ದೋಷದ ಸಂಕೇತ ಓದುವ ಅಂಗೈಯಗಲದ ಸ್ಕ್ಯಾನರ್. ಸಿಕ್ಕಿದ್ದು ಪಿ0303. ಕೊನೆಯ ಅಂಕಿ ಸಿಲಿಂಡರಿನದು; ಪಿ0300 ಎಂದಿದ್ದರೆ ಯಾವುದೆಂದು ಗೊತ್ತಿಲ್ಲದ, ಅಲ್ಲೊಮ್ಮೆ ಇಲ್ಲೊಮ್ಮೆ ಆಗುವ ಮಿಸ್ಸಿಂಗ್. ಕಂಪ್ಯೂಟರ್ ಇದನ್ನು ಅಳೆಯುವ ಬಗೆ ತಿಳಿದರೆ ಸ್ಕ್ಯಾನರಿನ ಮಿತಿಯೂ ಅರ್ಥವಾಗುತ್ತದೆ. ಪ್ರತಿ ಸಿಲಿಂಡರ್ ಉರಿದಾಗಲೂ ಇಂಜಿನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟ್‌ಗೆ ಒಂದು ತಳ್ಳು ಸಿಗುತ್ತದೆ. ತಳ್ಳು ತಪ್ಪಿದರೆ ಆ ತಿರುಗುವಿಕೆ ಕೂದಲೆಳೆಯಷ್ಟು ನಿಧಾನವಾಗುತ್ತದೆ, ಅದನ್ನು ಸೆನ್ಸರ್ ಹಿಡಿಯುತ್ತದೆ. ಯಾರು ತಳ್ಳಲಿಲ್ಲ ಎಂಬುದು ಅದಕ್ಕೆ ಗೊತ್ತು. ಏಕೆ ತಳ್ಳಲಿಲ್ಲ ಎಂಬುದು ಗೊತ್ತಿಲ್ಲ. (ಎಚ್ಚರಿಕೆಯ ದೀಪ ಮಿಣುಕುತ್ತಿದ್ದರೆ ಮಾತ್ರ ಪತ್ತೆದಾರಿಕೆ ಬದಿಗಿಟ್ಟು ಗಾಡಿ ನಿಲ್ಲಿಸಬೇಕು. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದು ಅದನ್ನೇ ಕರಗಿಸಬಹುದು.)

ಸ್ಕ್ಯಾನರ್ ನನ್ನನ್ನು ದಾರಿ ತಪ್ಪಿಸಿದ್ದೂ ಉಂಟು. ನಿಂತಲ್ಲಿ ಓಡುವಾಗ ಕಂಪ್ಯೂಟರ್ ತಾನಾಗಿ ಮಾಡುವ ಇಂಧನದ ತಿದ್ದುಪಡಿ ಶೇ. 9ರಷ್ಟು ಹೆಚ್ಚು ತೋರಿಸುತ್ತಿತ್ತು. ನಿಮಿಷಕ್ಕೆ 2,500 ಸುತ್ತಿಗೆ ಏರಿಸಿದರೆ ಶೇ. 2ಕ್ಕೆ ಇಳಿಯುತ್ತಿತ್ತು. ಇಂಜಿನಿಗೆ ಗಾಳಿ ತರುವ ಇಂಟೇಕಿನಲ್ಲಿ ಎಲ್ಲೋ ಗಾಳಿ ಸೋರಿ ಒಳಬರುತ್ತಿದ್ದರೂ ಇದೇ ಚಹರೆ. ರಜೆಯ ಒಂದಿಡೀ ದಿನ ಹೊಗೆ ಹಾಯಿಸಿ ಪ್ರತಿ ಕೊಳವೆ, ಪ್ರತಿ ಗ್ಯಾಸ್ಕೆಟ್ ನೋಡಿದೆ. ಎಲ್ಲಿಯೂ ಸೋರಿಕೆ ಇರಲಿಲ್ಲ. ಸಿಲಿಂಡರ್ ಉರಿಯದಿದ್ದಾಗ ಅದರ ಆಮ್ಲಜನಕ ಹಾಗೆಯೇ ಸೈಲೆನ್ಸರಿನತ್ತ ಹೋಗುತ್ತದೆ. ಅಲ್ಲಿನ ಸೆನ್ಸರ್ ಅದನ್ನು ಮೂಸಿ ‘ಪೆಟ್ರೋಲ್ ಸಾಲದು’ ಎಂದು ದೂರುತ್ತದೆ. ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ. ಮಿಸ್ಸಿಂಗಿನ ಪರಿಣಾಮವನ್ನೇ ನಾನು ಕಾರಣವೆಂದು ಓದಿದ್ದೆ.

ಸ್ಕ್ಯಾನರಿನ ಜೊತೆಗೆ ಒಳ್ಳೆಯ ಜೋಡಿಯೆಂದರೆ ಅದಲುಬದಲು. ಮೂರನೆಯ ಕಾಯಿಲ್ಲನ್ನು ಒಂದನೆಯದಕ್ಕೆ, ಒಂದನೆಯದನ್ನು ಮೂರನೆಯದಕ್ಕೆ ಹಾಕಿ ಓಡಿಸುವುದು. ಸಂಕೇತ ಪಿ0301 ಆದರೆ ತಪ್ಪು ಕಾಯಿಲ್ಲಿನದು, ಪಿ0303 ಆಗಿಯೇ ಉಳಿದರೆ ಕಾಯಿಲ್ ನಿರಪರಾಧಿ. ಪೈಸೆ ಖರ್ಚಿಲ್ಲದ, ಸುಳ್ಳು ಹೇಳದ ಪರೀಕ್ಷೆ. ಆದರೆ ಒಂದು ಸಲಕ್ಕೆ ಒಂದೇ ವಸ್ತು ಎಂಬ ಶಿಸ್ತು ಬೇಕು. ಅವಸರದಲ್ಲಿ ನಾನು ಕಾಯಿಲ್ ಮತ್ತು ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಿದ್ದೆ. ದೋಷ ಆಗ ಜಾಗ ಬದಲಿಸಿದ್ದರೆ ಯಾವುದರಿಂದ ಎಂದು ತಿಳಿಯದೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತಿತ್ತು. ಪ್ಲಗ್ ಬಿಚ್ಚುವ ಮುನ್ನ ಅದರ ಗುಂಡಿಯಲ್ಲಿ ಕೂತ ಮಣ್ಣನ್ನು ಊದಿ ತೆಗೆಯಿರಿ, ಇಲ್ಲವಾದರೆ ಅದು ನೇರ ಸಿಲಿಂಡರಿನೊಳಗೆ. ಹೊರಬಂದ ಪ್ಲಗ್ಗುಗಳಲ್ಲಿ ಒಂದು, ಎರಡು, ನಾಲ್ಕನೆಯವುಗಳ ಪಿಂಗಾಣಿ ಹದವಾದ ಕಂದಾಗಿತ್ತು. ಮೂರನೆಯದರ ತುದಿ ಮಾತ್ರ ಕಪ್ಪು, ಮೂಗಿನ ಬಳಿ ತಂದರೆ ಪೆಟ್ರೋಲ್ ವಾಸನೆ. ಇಂಧನ ಬಂದಿದೆ, ಉರಿದಿಲ್ಲ. ಕೊನೆಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನೂ ಅದಲುಬದಲು ಮಾಡಿದೆ. ಅದಕ್ಕೆ ಇಂಧನದ ಒತ್ತಡ ಇಳಿಸಬೇಕು, ರಬ್ಬರ್ ಉಂಗುರ ಹೊಸದು ಹಾಕಬೇಕು, ಅರ್ಧ ದಿನ ಬೇಕು. ಎರಡೂ ಸಲ ದೋಷ ಮೂರನೆಯ ಸಿಲಿಂಡರಿನಲ್ಲಿಯೇ ಉಳಿಯಿತು. ಕಿಡಿ ಸರಿ, ಇಂಧನ ಸರಿ. ಇನ್ನು ಉಳಿದದ್ದು ಇಂಜಿನಿನ ಮೈ.

ಇಲ್ಲಿಗೆ, ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆ ಎಂದು ಅಳೆಯುವ ಕಂಪ್ರೆಶನ್ ಗೇಜ್ ಬಂತು. ನಾಲ್ಕೂ ಪ್ಲಗ್ ತೆಗೆದು, ಕಿಡಿ ಮತ್ತು ಇಂಧನ ಎರಡನ್ನೂ ತಡೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೂ ಸಮನಾಗಿ ಆರು ಹೊಡೆತ ತಿರುಗಿಸಿದೆ. ಬೆಳಗಿನ ತಣ್ಣನೆಯ ಇಂಜಿನ್ ಕೊಟ್ಟ ಅಂಕಿಗಳು 12.4, 12.2, 11.6, 12.3 ಬಾರ್. ಮೂರನೆಯದು ತುಸು ಕಡಿಮೆ, ಆದರೆ ಶೇ. 10ರೊಳಗಿನ ಅಂತರವನ್ನು ಯಾರೂ ದೋಷ ಎನ್ನುವುದಿಲ್ಲ. ಇಂಜಿನ್ ಗಟ್ಟಿಯಾಗಿದೆ ಎಂದು ಬರೆದಿಟ್ಟು ಮತ್ತೆ ವೈರಿಂಗಿನ ಹಿಂದೆ ಬಿದ್ದೆ. ಹತ್ತು ದಿನ ಹಾಳು. ಕಾಯಿಲೆ ಬರುವುದು ಬಿಸಿಯಾದಾಗ, ನಾನು ನಾಡಿ ಹಿಡಿದದ್ದು ತಣ್ಣಗಿರುವಾಗ!

ಎರಡನೆಯ ಸಲ ಇಂಜಿನನ್ನು ಬಿಸಿ ಮಾಡಿ, ಕೈಗವಸು ಹಾಕಿ ಹಿಡಿಯುವಷ್ಟು ಆರಿದ ಮೇಲೆ ಅಳೆದೆ. (ಸುಡುಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಅಲ್ಯುಮಿನಿಯಂ ಹೆಡ್ಡಿನ ತಿರುಪಿನ ಸುತ್ತುಗಳೇ (ಥ್ರೆಡ್) ಕಿತ್ತು ಬರಬಹುದು.) ಉಳಿದ ಮೂರೂ 12.5ರ ಮೇಲೆ, ಮೂರನೆಯದು 8.9. ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರೆ 9.2. ಪಿಸ್ಟನ್ನಿನ ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಅಂಕಿ ಜಿಗಿಯುತ್ತಿತ್ತು. ಜಿಗಿಯಲಿಲ್ಲ.

ಗೇಜ್ ಇಲ್ಲಿಗೆ ಸುಮ್ಮನಾಗುತ್ತದೆ. ಎಷ್ಟು ಎಂದು ಹೇಳುತ್ತದೆ, ಎಲ್ಲಿಂದ ಎಂದು ಹೇಳುವುದಿಲ್ಲ. ಲೀಕ್‌ಡೌನ್ ಟೆಸ್ಟರ್ ಆ ಕೊರತೆಯನ್ನು ತುಂಬುತ್ತದೆ. ಪಿಸ್ಟನ್ನನ್ನು ಕಂಪ್ರೆಶನ್ ಹೊಡೆತದ ತುತ್ತತುದಿಗೆ ತಂದು, ಪ್ಲಗ್ ಗುಂಡಿಯಿಂದ ಗಾಳಿ ತುಂಬಿ, ಎಷ್ಟು ಸೋರುತ್ತದೆ ಎಂದು ನೋಡುವುದು. ತುದಿ ತುಸು ತಪ್ಪಿದರೂ ಗಾಳಿಯ ಒತ್ತಡಕ್ಕೆ ಇಂಜಿನ್ ತಾನೇ ತಿರುಗುತ್ತದೆ, ಆದ್ದರಿಂದ ಸ್ಪ್ಯಾನರನ್ನು ಪುಲ್ಲಿಯ ಮೇಲೆ ಬಿಟ್ಟಿರಬಾರದು. ಮೂರು ಸಿಲಿಂಡರುಗಳಲ್ಲಿ ಸೋರಿಕೆ ಶೇ. 10ರ ಆಸುಪಾಸು, ಮೂರನೆಯದರಲ್ಲಿ ಶೇ. 35. ಆಮೇಲಿನ ಕೆಲಸ ಕಿವಿಯದು. ಆಯಿಲ್ ಮುಚ್ಚಳ ತೆಗೆದು ಕೇಳಿದೆ, ಸದ್ದಿಲ್ಲ: ರಿಂಗ್ ಅಲ್ಲ. ರೇಡಿಯೇಟರಿನಲ್ಲಿ ಗುಳ್ಳೆಯಿಲ್ಲ: ಹೆಡ್ ಗ್ಯಾಸ್ಕೆಟ್ ಅಲ್ಲ. ಥ್ರಾಟಲ್ ಬಾಯಿಯಲ್ಲೂ ಮೌನ: ಇಂಟೇಕ್ ವಾಲ್ವ್ ಅಲ್ಲ. ಗಾಡಿಯ ಹಿಂದೆ ಮಂಡಿಯೂರಿ ಸೈಲೆನ್ಸರಿಗೆ ಕಿವಿ ಹಚ್ಚಿದಾಗ ಸಣ್ಣಗೆ, ಒಂದೇ ಸಮನೆ ‘ಸ್ಸ್’ ಎಂಬ ಉಸಿರು. ಮೂರನೆಯ ಸಿಲಿಂಡರಿನ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ.

ಹಾಗಾದರೆ ಲೀಕ್‌ಡೌನೇ ಎಲ್ಲಕ್ಕಿಂತ ಮೇಲೋ? ಉತ್ತರದ ನಿಖರತೆಯಲ್ಲಿ ಹೌದು. ಆದರೆ ಅದಕ್ಕೆ ಕಂಪ್ರೆಸರ್ ಬೇಕು, ತಾಳ್ಮೆ ಬೇಕು. ಹುಡುಕಾಟದ ಎರಡನೆಯ ವಾರದಲ್ಲೇ ಒಂದು ಹಳೆಯ ಕಾಲದ ಸಾಧನ ಅರ್ಧ ಉತ್ತರ ಕೊಟ್ಟಿತ್ತು, ನಾನೇ ಓದಿರಲಿಲ್ಲ. ಅದು ಇಂಜಿನ್ ಗಾಳಿ ಹೀರುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್. ಒಂದು ರಬ್ಬರ್ ಕೊಳವೆ, ಒಂದು ಮುಳ್ಳು. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಇಂಜಿನ್ ನಿಂತಲ್ಲಿ ಓಡುವಾಗ ಮುಳ್ಳು ಸುಮಾರು 17ರಿಂದ 22 ಇಂಚಿನ (ಪಾದರಸದ ಲೆಕ್ಕದಲ್ಲಿ) ನಡುವೆ ಅಲುಗದೆ ನಿಲ್ಲುತ್ತದೆ; ಎತ್ತರಕ್ಕೆ ಹೋದಂತೆ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಡಿಮೆ. ನನ್ನದು ತಣ್ಣಗಿರುವಾಗ ಅಲುಗಲಿಲ್ಲ. ಬಿಸಿಯಾದ ಮೇಲೆ 18ರಲ್ಲಿ ನಿಂತು, ಗಡಿಯಾರದ ನಿಯತ್ತಿನಲ್ಲಿ ಎರಡು ಇಂಚು ಕೆಳಗೆ ಕುಕ್ಕುತ್ತಿತ್ತು. ಇಂಟೇಕಿನಲ್ಲಿ ಸೋರಿಕೆಯಿದ್ದರೆ ಮುಳ್ಳು ಒಟ್ಟಾರೆ ಕೆಳಗಿಳಿದು ನಿಲ್ಲುತ್ತದೆ. ಹೀಗೆ ಕುಕ್ಕುವುದು ಒಂದೇ ಸಿಲಿಂಡರ್ ಪ್ರತಿ ಸಲವೂ ಸೋಲುವಾಗ. ಕಿಡಿ ಕೆಟ್ಟರೂ ಹೀಗಾಗಬಹುದು, ನಿಜ. ಆದರೆ ಅದಲುಬದಲಿನ ಫಲಿತಾಂಶವನ್ನು ಇದರ ಪಕ್ಕದಲ್ಲಿಟ್ಟಿದ್ದರೆ ಹೊಗೆ ಹಾಯಿಸುವ ದಿನವೂ ಉಳಿಯುತ್ತಿತ್ತು, ವೈರಿಂಗಿನ ಹತ್ತು ದಿನವೂ. ಹೊಸದಾಗಿ ಸಾಮಾನು ಕೊಳ್ಳುವವರಿಗೆ ನಾನು ಹೇಳುವುದು ಸ್ಕ್ಯಾನರ್ ಜೊತೆ ಈ ಗೇಜನ್ನು. ಲೀಕ್‌ಡೌನ್ ಟೆಸ್ಟರನ್ನು ಎರವಲು ತಂದರೂ ಸಾಕು.

ಮರುದಿನ ಪೂರ್ತಿ ತಣ್ಣಗಾದ ಇಂಜಿನಿನ ವಾಲ್ವ್ ಕವರ್ ತೆಗೆದು, ತೆಳು ಎಸಳುಗಳಿಂದ ಸಂದು ಅಳೆಯುವ ಫೀಲರ್ ಗೇಜ್ ಹಿಡಿದೆ. ಆ ಇಂಜಿನಿಗೆ ಎಕ್ಸಾಸ್ಟ್ ವಾಲ್ವಿನ ಸಂದು 0.25 ಮಿ.ಮೀ. ಇರಬೇಕು. ಮೂರನೆಯದರಲ್ಲಿ 0.10ರ ಎಸಳೂ ಒಳಹೋಗಲಿಲ್ಲ. ಬಿಸಿಗೆ ವಾಲ್ವಿನ ಕಾಂಡ ಉದ್ದವಾಗಿ, ಇದ್ದ ಚೂರು ಸಂದೂ ಮುಗಿದು, ವಾಲ್ವ್ ಬಾಯಿ ಬಿಟ್ಟುಕೊಂಡೇ ಇರುತ್ತಿತ್ತು. ವೇಗ ಏರಿದರೆ ಸೋರಲು ಸಿಗುವ ಸಮಯ ಕಡಿಮೆ, ಅದಕ್ಕೇ ಆಗ ಮಿಸ್ಸಿಂಗ್ ಇಲ್ಲ. ವಾಲ್ವನ್ನು ಒತ್ತುವ ಟ್ಯಾಪೆಟ್ ಸಡಿಲವಾದರೆ ಟಕಟಕ ಎಂದು ಊರಿಗೆಲ್ಲ ಸಾರುತ್ತದೆ. ಬಿಗಿಯಾದದ್ದು ಮೌನಿ.

ಇಂಟೇಕ್ ಮ್ಯಾನಿಫೋಲ್ಡಿನ ಮೇಲೆ ಸ್ಕ್ರೂ ಹಾಕಿ ಮುಚ್ಚಿದ ನಾಲ್ಕು ಸಣ್ಣ ತೂತುಗಳಿದ್ದವು. ಮೊದಲ ದಿನವೇ ಕಂಡಿದ್ದೆ, ಏನೆಂದು ಕೇಳಿರಲಿಲ್ಲ. ಹಿಂದಿನ ಮಾಲೀಕರು ಗ್ಯಾಸ್ ಕಿಟ್ ಹಾಕಿಸಿ ಓಡಿಸಿ, ಮಾರುವ ಮುನ್ನ ತೆಗೆಸಿದ್ದರು. ಗ್ಯಾಸಿಗೆಂದು ಗಟ್ಟಿ ಮಾಡದ ವಾಲ್ವ್ ಸೀಟ್ ಅದರಲ್ಲಿ ಬೇಗ ಸವೆಯುತ್ತದೆ. ಸೀಟ್ ಸವೆದಷ್ಟೂ ವಾಲ್ವ್ ಮೇಲೇರಿ ಸಂದು ನುಂಗುತ್ತದೆ.

ಲಾಕ್‌ನಟ್ ಸಡಿಲಿಸಿ, ಸ್ಕ್ರೂ ಹಿಂದೆಗೆದು, 0.25ರ ಎಸಳು ತುಸು ತಡೆದು ಜಾರುವಷ್ಟಕ್ಕೆ ಹೊಂದಿಸಿದೆ. ಬಿಸಿಯಲ್ಲಿ ಸೋರಿಕೆ ಈಗ ಶೇ. 14; ವಾಲ್ವಿನ ಅಂಚು ಸ್ವಲ್ಪ ಸುಟ್ಟಿರಬೇಕು, ಹೆಚ್ಚಾದರೆ ಹೆಡ್ ಬಿಚ್ಚುವುದೇ. ಸದ್ಯಕ್ಕೆ ಮುಳ್ಳು ಕುಕ್ಕುತ್ತಿಲ್ಲ. ಗ್ಯಾರೇಜಿನವರು ಬಿಚ್ಚಿಕೊಟ್ಟ ಹಳೆಯ ಕಾಯಿಲ್ಲುಗಳು ಡಿಕ್ಕಿಯಲ್ಲಿವೆ. ಒಂದೊಂದಾಗಿ ಹಾಕಿ ನೋಡಿದೆ, ನಾಲ್ಕೂ ಚೆನ್ನಾಗಿಯೇ ಕಿಡಿ ಕೊಡುತ್ತವೆ.