4 ಅಡಿ ಅಗಲದ ಬಾತ್‌ರೂಮಿಗೆ ಪ್ಲ್ಯಾನ್ ಹಾಕಿಸಿದೆವು, ಕೊಟ್ಟ 4,000 ರೂಪಾಯಿ ಸಾರ್ಥಕ

ನಮ್ಮತ್ತೆಯ ರೂಮಿಗೆ ಸೇರಿದ ಬಾತ್‌ರೂಮ್ 4 ಅಡಿ ಅಗಲ, 7 ಅಡಿ ಉದ್ದ. ಬೆಂಗಳೂರಿನಲ್ಲಿ 20x30 ಅಡಿ ಸೈಟಿನ ಮನೆಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಅದನ್ನು ಒಡೆದು ಮತ್ತೆ ಮಾಡಿಸುವ ಮೊದಲು, ಬರೀ ಪ್ಲ್ಯಾನ್ ಹಾಕಿಕೊಡಲಿಕ್ಕೆ ಒಬ್ಬರು ಡಿಸೈನರ್‌ಗೆ 4,000 ರೂಪಾಯಿ ಕೊಟ್ಟೆವು. ಎರಡು ಸಲ ಮನೆಗೆ ಬಂದರು, ಒಂದು ಡ್ರಾಯಿಂಗ್ ಮತ್ತು ಸಾಮಾನಿನ ಪಟ್ಟಿ ಕೊಟ್ಟರು, ಅಷ್ಟೇ. ಕೆಲಸ ಮಾಡಿಸಿದ್ದು ನಮ್ಮ ಮೇಸ್ತ್ರಿಯ ಕೈಲಿ. ಡಿಸೈನರ್ ಒಬ್ಬರೇ ಕೆಲಸ ಮಾಡುವವರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಆದರೆ ಅವರು ಏನು ಮಾಡಿದರು ಎನ್ನುವುದನ್ನು ಪೂರ್ತಿ ಬರೆಯುತ್ತೇನೆ, ಚಿಕ್ಕ ಬಾತ್‌ರೂಮ್ ಇರುವ ಯಾರಿಗಾದರೂ ಉಪಯೋಗಕ್ಕೆ ಬರಲಿ.

ಮೊದಲು ಹಳೆಯದರ ಕಷ್ಟ ಹೇಳಬೇಕು. ಬಾಗಿಲು 4 ಅಡಿಯ ಕಡೆ ಗೋಡೆಯಲ್ಲಿ, ಒಳಕ್ಕೆ ತೆರೆಯುತ್ತಿತ್ತು. ಒಳಗೆ ಕಾಲಿಟ್ಟ ತಕ್ಷಣ ಎಡಕ್ಕೆ ಬೇಸಿನ್, ಆಮೇಲೆ ಕಮೋಡ್, ಕೊನೆಯಲ್ಲಿ ಕಿಟಕಿ ಕೆಳಗೆ ಸ್ನಾನದ ಜಾಗ. ಬಾಗಿಲು ಬೇಸಿನ್ನಿಗೆ ಬಡಿಯುತ್ತಿದ್ದರಿಂದ ಪೂರ್ತಿ ತೆರೆಯುತ್ತಲೇ ಇರಲಿಲ್ಲ, ಅಡ್ಡ ತಿರುಗಿಕೊಂಡು ಹೋಗಬೇಕಿತ್ತು. ಅತ್ತೆಗೆ ಮಂಡಿ ನೋವು. ಒಳಗೆ ಜಾರಿ ಬಿದ್ದರೆ ಬಾಗಿಲು ತೆರೆಯಲು ಅವರೇ ಅಡ್ಡ ಇರುತ್ತಾರಲ್ಲ ಎನ್ನುವ ಭಯ ನನಗೆ ಎರಡು ವರ್ಷದಿಂದ ಇತ್ತು. ಒಳಕ್ಕೆ ತೆರೆಯುವ ಬಾಗಿಲಿನ ಈ ಅಪಾಯವನ್ನು ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ವಯಸ್ಸಾದವರಿರುವ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಅದೇ.

ಡಿಸೈನರ್ ಹತ್ತಿರ ಹೋಗುವ ಮುಂಚೆ ಒಂದು ದೊಡ್ಡ ಸ್ಯಾನಿಟರಿ ಅಂಗಡಿಗೆ ಹೋಗಿದ್ದೆವು. ಸಾಮಾನು ಅಲ್ಲೇ ತೆಗೆದುಕೊಂಡರೆ ಡ್ರಾಯಿಂಗ್ ಫ್ರೀ. ಮನೆಗೆ ಬರಲೇ ಇಲ್ಲ, ನಾವು ಹೇಳಿದ ಅಳತೆಗೆ ಕಂಪ್ಯೂಟರಿನಲ್ಲಿ ಚೆಂದದ ತ್ರೀಡಿ ಚಿತ್ರ ಮಾಡಿ ತೋರಿಸಿದರು. ಗಾಜಿನ ಗೋಡೆ, ನೆಲಕ್ಕೆ ತಾಗದೆ ಗೋಡೆಗೆ ಕೂರಿಸುವ ತೂಗು ಕಮೋಡ್, ಕಲ್ಲಿನ ಮೇಲೆ ಕೂರಿಸಿದ ಬೇಸಿನ್. ನೋಡಲು ಬಹಳ ಚೆನ್ನಾಗಿತ್ತು. ಆದರೆ ಕಮೋಡನ್ನು ಕೊನೆಯ ಗೋಡೆಗೆ ಸರಿಸಿಬಿಟ್ಟಿದ್ದರು. ಮೇಸ್ತ್ರಿಗೆ ತೋರಿಸಿದೆ. ಅವರು ಒಂದೇ ಮಾತು ಕೇಳಿದರು: "ಮೇಡಂ, ಪೈಪ್ ಎಲ್ಲಿಂದ ಹೋಗುತ್ತೆ?" ಕಮೋಡಿನ ಪೈಪ್ 4 ಇಂಚಿನದು, ಅದಕ್ಕೆ ಸುಮಾರು 40 ಅಡಿಗೆ 1 ಅಡಿಯ ಹಾಗೆ ಇಳಿಜಾರು ಬೇಕು, ಜೊತೆಗೆ ಬೆಂಡು. ನಮ್ಮದು ಮೊದಲ ಮಹಡಿ, ಪೈಪ್ ಹಾಯಿಸಲು ಬಾತ್‌ರೂಮಿನ ಸ್ಲ್ಯಾಬನ್ನು ಜಾಸ್ತಿ ತಗ್ಗಿಸಿಲ್ಲ. ಕಮೋಡ್ ಸರಿಸಬೇಕೆಂದರೆ ನೆಲವನ್ನೇ 5-6 ಇಂಚು ಎತ್ತರಿಸಬೇಕಿತ್ತು. ಮಂಡಿ ನೋವಿನವರಿಗೆ ಬಾಗಿಲಲ್ಲೇ ಒಂದು ಮೆಟ್ಟಿಲು!

ಆ ಚಿತ್ರವನ್ನು ಅಲ್ಲಿಗೇ ಬಿಟ್ಟೆವು.

ಈ ಡಿಸೈನರ್ ಬಂದದ್ದು ಟೇಪು, ಮಾಸ್ಕಿಂಗ್ ಟೇಪು, ಮತ್ತೆ ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯ ತುಂಡುಗಳನ್ನು ಹಿಡಿದುಕೊಂಡು. ಟೈಲ್ಸ್ ಮೇಲಿಂದ ಅಳೆದಾಗ ಅಗಲ 4 ಅಡಿ ಇರಲಿಲ್ಲ, 46 ಇಂಚು ಸಿಕ್ಕಿತು. ಈ 2 ಇಂಚು ಸಣ್ಣದಲ್ಲ, ಮುಂದೆ ಗೊತ್ತಾಗುತ್ತದೆ. ಪೈಪ್ ಎಲ್ಲಿದೆಯೋ ಕಮೋಡ್ ಅಲ್ಲೇ ಇರಲಿ, ಅದರ ಸುತ್ತ ಉಳಿದದ್ದನ್ನು ಹೊಂದಿಸೋಣ ಎಂದರು. ಆಮೇಲೆ ಉದ್ದದ 84 ಇಂಚನ್ನು ಗೋಡೆ ಮೇಲೆ ಹಂಚಿ ಗುರುತು ಹಾಕಿದರು. ಸ್ನಾನಕ್ಕೆ 36, ಕಮೋಡಿಗೆ 30, ಬೇಸಿನ್ನಿಗೆ ಉಳಿದ 18. ಕಮೋಡಿಗೆ 30 ಏಕೆಂದರೆ ನಡುಮಧ್ಯದಿಂದ ಎರಡೂ ಕಡೆ 15 ಇಂಚಾದರೂ ಬೇಕು, ಇಲ್ಲದಿದ್ದರೆ ಮೊಣಕೈ ತಾಗುತ್ತದೆ.

ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸ್ನಾನ ಮತ್ತು ಕಮೋಡ್ ಒಟ್ಟಿಗೆ ಇರುವ ಬಾತ್‌ರೂಮಿಗೆ ಕನಿಷ್ಠ 2.8 ಚದರ ಮೀಟರ್ ಜಾಗ, 1.2 ಮೀಟರ್ ಅಗಲ ಎಂದಿದೆ. ಅಂದರೆ ಸುಮಾರು 30 ಚದರಡಿ. ನಮ್ಮದು 28. ಇಷ್ಟು ಕಡಿಮೆ ಇರುವಲ್ಲಿ ಒಂದೊಂದು ಇಂಚನ್ನೂ ಹುಡುಕಿ ತೆಗೆಯಬೇಕು, ಮತ್ತು ಅವರು ನಿಜಕ್ಕೂ ಹುಡುಕಿದರು.

ನನಗೆ ತೂಗು ಕಮೋಡ್ ಹಾಕಿಸುವ ಆಸೆ ಇತ್ತು, ಜಾಗ ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ. ಅವರು ಲೆಕ್ಕ ಹಾಕಿ ತೋರಿಸಿದರು. ಕಮೋಡ್ ಒಂದೇ ಆದರೆ 20-21 ಇಂಚು ಮುಂದೆ ಬರುತ್ತದೆ, ಸರಿ. ಆದರೆ ಅದರ ಟ್ಯಾಂಕು ಮತ್ತು ಕಬ್ಬಿಣದ ಫ್ರೇಮು ಗೋಡೆಯೊಳಗೆ ಕೂರಬೇಕು. ನಮ್ಮದು ನಾಲ್ಕೂವರೆ ಇಂಚಿನ ಗೋಡೆ, ಅದನ್ನು ಕೊರೆಯುವ ಹಾಗಿಲ್ಲ. ಹಾಗಾಗಿ ಗೋಡೆ ಮುಂದೆ ಇನ್ನೊಂದು 6 ಇಂಚಿನ ಕಟ್ಟೆ ಬರುತ್ತದೆ. ಎರಡೂ ಸೇರಿದರೆ ಹೆಚ್ಚುಕಮ್ಮಿ ಹಳೆಯ ಕಮೋಡಿನಷ್ಟೇ ಆಯಿತು. ನೆಲ ಒರೆಸಲು ಸುಲಭ ಎನ್ನುವುದು ನಿಜ, ಆದರೆ ಜಾಗಕ್ಕಾಗಿ ಎಂದು ದುಡ್ಡು ಸುರಿಯಬೇಡಿ ಎಂದರು. ಅದರ ಬದಲು 24 ಇಂಚು ಉದ್ದದ ಗಿಡ್ಡ ಕಮೋಡ್ ಹುಡುಕಿಸಿದರು. ಹಳೆಯದು 28 ಇತ್ತು. 46ರಲ್ಲಿ 28 ಹೋದರೆ ಮುಂದೆ ಉಳಿಯುತ್ತಿದ್ದದ್ದು 18 ಇಂಚು, ಈಗ 22. ಆ 4 ಇಂಚಿನಿಂದ ಅತ್ತೆ ಎದ್ದು ನಿಲ್ಲುವಾಗ ಮುಂದಕ್ಕೆ ಬಾಗಲು ಜಾಗ ಸಿಕ್ಕಿದೆ. ಕೊಳ್ಳುವಾಗ ಒಂದು ಎಚ್ಚರ: ಗೋಡೆಯಿಂದ ನೆಲದ ಪೈಪಿನ ನಡುಮಧ್ಯಕ್ಕೆ ಎಷ್ಟು ದೂರ ಎಂದು ಅಳೆದುಕೊಂಡೇ ಅಂಗಡಿಗೆ ಹೋಗಿ. ನಮ್ಮದು 9 ಇಂಚು. 12 ಇಂಚಿನದು ತಂದಿದ್ದರೆ ಹಿಂಭಾಗ ಗೋಡೆಗೆ ತಾಗಿ, ಪೈಪಿನ ಮೇಲೆ ಕೂರುತ್ತಲೇ ಇರಲಿಲ್ಲ.

ಸ್ನಾನದ ಜಾಗದ ವಿಷಯಕ್ಕೆ ಬಂದಾಗ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು. ಅತ್ತೆಯನ್ನೇ ಕರೆದರು. "ಅಮ್ಮ, ನೀವು ದಿನಾ ಹೇಗೆ ಸ್ನಾನ ಮಾಡ್ತೀರೋ ಹಾಗೇ ಕೂತ್ಕೊಂಡು ತೋರಿಸಿ" ಎಂದರು. ಅತ್ತೆ ಸ್ಟೂಲ್ ಹಾಕಿ, ಬಕೆಟ್ ಇಟ್ಟುಕೊಂಡು, ಚೊಂಬು ಕೈಗೆ ತೆಗೆದುಕೊಂಡು ಕೂತರು. ನಮ್ಮ ಮನೆಯಲ್ಲಿ ಶವರ್ ಕೆಳಗೆ ನಿಲ್ಲುವವರು ಮಕ್ಕಳು ಮಾತ್ರ, ಅತ್ತೆಗೆ ಬಚ್ಚಲು ಅಂದರೆ ಕೂತು ಮೈ ತೊಳೆಯುವ ಜಾಗ. ತ್ರೀಡಿ ಚಿತ್ರದಲ್ಲಿ ಬಕೆಟ್ಟಿಗೆ ಜಾಗವೇ ಇರಲಿಲ್ಲ ಅಲ್ವಾ, ಅದು ನನಗೆ ಹೊಳೆದದ್ದು ಆಗಲೇ. ಅತ್ತೆ ಕೂತ ಕಡೆ ಬಲಗೈ ಎಲ್ಲಿಗೆ ಎಟಕುತ್ತದೆ ಎಂದು ನೋಡಿ ಅಲ್ಲಿ ನಲ್ಲಿಗೆ ಗುರುತು ಹಾಕಿದರು, 20 ಲೀಟರಿನ ಬಕೆಟ್ ಸಲೀಸಾಗಿ ಕೆಳಗೆ ಹೋಗುವಷ್ಟೇ ಎತ್ತರಕ್ಕೆ. ಹಳೆಯ ನಲ್ಲಿ ಜಾಸ್ತಿ ಮೇಲಿತ್ತು, ನೀರು ಸಿಡಿದು ಕಮೋಡಿನ ತನಕ ಒದ್ದೆಯಾಗುತ್ತಿತ್ತು. ಏಳುವಾಗ ಹಿಡಿದುಕೊಳ್ಳಲು ಸ್ಟೀಲ್ ಕಂಬಿ, ಸೋಪು ಎಣ್ಣೆ ಇಡಲು ಕೂತವರ ಕೈಗೆ ಸಿಗುವ ಎತ್ತರದಲ್ಲಿ ಗೂಡು, ಎಲ್ಲವೂ ಅತ್ತೆಯ ಅಳತೆಗೇ ಆಯಿತು.

ಗಾಜು ಬೇಡ ಎಂದರು. 36 ಇಂಚಿನಲ್ಲಿ ಗಾಜು ಹಾಕಿದರೆ ಕೂತವರಿಗೆ ಮೊಣಕೈ ಆಡಿಸಲು ಆಗುವುದಿಲ್ಲ, ಸ್ನಾನ ಮಾಡಿಸಲು ಇನ್ನೊಬ್ಬರು ನಿಲ್ಲಲೂ ಆಗುವುದಿಲ್ಲ. ಕಟ್ಟೆಯೂ ಬೇಡ, ಎಡವುತ್ತಾರೆ. ಅದರ ಬದಲು ಕೊನೆಯ ಗೋಡೆಗುಂಟ ಉದ್ದನೆಯ ಜಾಲರಿ ಚರಂಡಿ, ಅದರ ಕಡೆಗೆ 3 ಅಡಿಗೆ ಸುಮಾರು ಅರ್ಧ ಇಂಚು ಇಳಿಜಾರು, ನಡುವೆ ಒಂದು ಪರದೆ. ಒಂದೇ ಕಡೆ ಇಳಿಜಾರು ಇರುವುದರಿಂದ ಟೈಲ್ಸನ್ನು ನಾಲ್ಕು ಮೂಲೆಗೂ ಕತ್ತರಿಸಬೇಕಾಗಲಿಲ್ಲ. ಟೈಲ್ಸ್ ಹಾಕುವ ಮುಂಚೆ ನೀರು ಕಟ್ಟಿ 48 ಗಂಟೆ ಬಿಟ್ಟು, ಕೆಳಗಿನ ರೂಮಿನ ಸೀಲಿಂಗ್ ನೋಡಿ ಎಂದು ಡ್ರಾಯಿಂಗಿನ ಮೇಲೇ ಬರೆದುಕೊಟ್ಟಿದ್ದರು, ಹಾಗೇ ಮಾಡಿದೆವು. ಬೇಸಿನ್ 10 ಇಂಚು ಮಾತ್ರ ಮುಂದೆ ಬರುವ ಪುಟ್ಟದು. ಮುಖ ತೊಳೆದರೆ ಸ್ವಲ್ಪ ಹೊರಗೆ ಚೆಲ್ಲುತ್ತದೆ, ಅದಕ್ಕೆ ನಾವು ಒಗ್ಗಿಕೊಂಡಿದ್ದೇವೆ. ಬಾಗಿಲು ಈಗ ರೂಮಿನ ಕಡೆ ಗೋಡೆ ಮೇಲೆ ಪಕ್ಕಕ್ಕೆ ಸರಿಯುತ್ತದೆ.

ಈಗ ಸರಿಬಾರದ್ದು. ಸರಿಯುವ ಬಾಗಿಲು ಗೋಡೆಗೆ ಅಂಟಿಕೊಂಡು ಮುಚ್ಚುವುದಿಲ್ಲ, ಸಂದಿಯಲ್ಲಿ ಶಬ್ದವೂ ವಾಸನೆಯೂ ರೂಮಿಗೆ ಬರುತ್ತದೆ. ಇದನ್ನು ಅವರು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿದ ಮೇಲೆ ವಾಸನೆ ಕಡಿಮೆಯಾಯಿತು, ಶಬ್ದ ಹಾಗೇ ಇದೆ. ಹೊರಕ್ಕೆ ತೆರೆಯುವ ಮಾಮೂಲಿ ಬಾಗಿಲಿಗೆ ನಿಮ್ಮ ರೂಮಿನಲ್ಲಿ ಜಾಗ ಇದ್ದರೆ ಅದನ್ನೇ ಹಾಕಿಸಿ. ನಮ್ಮಲ್ಲಿ ಮಂಚ ಅಡ್ಡ ಬರುತ್ತಿತ್ತು.

ಇನ್ನೊಂದು ಗೀಸರ್. ಜಾಗ ಉಳಿಸಲು 15 ಲೀಟರಿನ ಅಡ್ಡ ಗೀಸರನ್ನು ಬಾಗಿಲ ಮೇಲೆ ಕೂರಿಸಿದರು, ಐಡಿಯಾ ಒಳ್ಳೆಯದೇ. ಆದರೆ ಅದರ ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕುವ ನೀರಿಗೆ ಡ್ರಾಯಿಂಗಿನಲ್ಲಿ ಪೈಪೇ ಇರಲಿಲ್ಲ. ಮೊದಲ ವಾರವೇ ಬಾಗಿಲ ಹತ್ತಿರ, ಒಣಗಿರಬೇಕಾದ ಜಾಗದಲ್ಲಿ, ನೀರು. ಫೋನ್ ಮಾಡಿದಾಗ ತಪ್ಪು ತಮ್ಮದೇ ಎಂದು ಒಪ್ಪಿಕೊಂಡು ಮಾರನೆಯ ದಿನ ಬಂದರು, ಗೋಡೆಯ ಮೂಲೆಗುಂಟ ಸಣ್ಣ ಪೈಪ್ ಎಳೆಸಿ ಬೇಸಿನ್ ಕೆಳಗೆ ನೆಲದ ನೀರು ಹೋಗುವ ನಾನಿ ಟ್ರ್ಯಾಪಿಗೆ ಬಿಡಿಸಿದರು, ಅದಕ್ಕೆ ದುಡ್ಡು ಕೇಳಲಿಲ್ಲ. ಪೈಪ್ ಕಣ್ಣಿಗೆ ಕಾಣುತ್ತದೆ, ನನಗೆ ಬೇಜಾರಿದೆ.

ಇಷ್ಟಾದರೂ ಕೆಳಗಿನ ಬಾತ್‌ರೂಮಿಗೂ ಅವರನ್ನೇ ಕರೆಯುತ್ತೇನೆ. ಇಟ್ಟು ನೋಡಲು ಅವರು ಅಳತೆಗೆ ಕತ್ತರಿಸಿದ ಆ ರಟ್ಟಿನ ಕಮೋಡು, ರಟ್ಟಿನ ಬೇಸಿನ್ನು ಇನ್ನೂ ನಮ್ಮ ಅಟ್ಟದಲ್ಲಿವೆ. ಹೋದ ವಾರ ಪಕ್ಕದ ಮನೆಯವರು ತೆಗೆದುಕೊಂಡು ಹೋಗಿ ತಮ್ಮ ಮೂರೂವರೆ ಅಡಿಯ ಬಾತ್‌ರೂಮಿನಲ್ಲಿ ಇಟ್ಟು ನೋಡಿದರು. ಕಮೋಡಿನ ಮುಂದೆ 16 ಇಂಚು ಉಳಿಯಿತಂತೆ. ಬೇಸಿನ್ನನ್ನು ಹೊರಗೆ ರೂಮಿಗೇ ಹಾಕಿಸಿ, ಕಮೋಡಿನ ಮುಖ ಉದ್ದದ ಕಡೆ ತಿರುಗಿಸಲು ಆಗುತ್ತದಾ ಎಂದು ಈಗ ಪೈಪ್ ನೋಡಿಸುತ್ತಿದ್ದಾರೆ.