ಸ್ಕ್ಯಾನ್ ಬಿಲ್‌ನಲ್ಲಿ 'ಎಂಆರ್' ಆದ್ಮೇಲೆ 'ಎ' ಇದೆಯೋ 'ವಿ' ಇದೆಯೋ ನೋಡ್ಕೊಳ್ಳಿ. ನಾನು ನೋಡ್ಲಿಲ್ಲ

ಬರೆಯೋಕೆ ನಾಚಿಕೆ ಆಗುತ್ತೆ. ಆದ್ರೂ ಬರೀತೀನಿ.

ತಂಗಿಗೆ ಹೆರಿಗೆಯಾಗಿ 12 ದಿನ. ಒಂದೇ ಸಮ ತಲೆನೋವು, ವಾಂತಿ. ಅಮ್ಮ "ಥಂಡಿ ಹೊಡೆದಿದೆ" ಅಂತ ತಲೆಗೆ ಬಟ್ಟೆ ಬಿಗಿದು, ಬಾಣಂತಿ ಅಂತ ನೀರನ್ನೂ ಅಳೆದು ಕೊಡ್ತಿದ್ಲು. ಕಣ್ಣು ಮಂಜಾಗ್ತಿದೆ ಅಂದಾಗ ನ್ಯೂರಾಲಜಿಸ್ಟ್ ಹತ್ರ ಓಡಿದ್ವಿ. 'ಎಂಆರ್‌ಐ ಬ್ರೈನ್, ಎಂಆರ್‌ವಿ' ಅಂತ ಬರೆದು, ಇವತ್ತೇ ಮಾಡಿಸಿ ಅಂದ್ರು.

ದಾವಣಗೆರೆಯ ಒಂದು ಸ್ಕ್ಯಾನ್ ಸೆಂಟರ್. ಕೌಂಟರ್‌ನಲ್ಲಿದ್ದ ಹುಡುಗ ಚೀಟಿ ನೋಡಿ, "ಬ್ರೈನ್ ವಿತ್ ಆಂಜಿಯೋ ಪ್ಯಾಕೇಜ್ ಇದೆ ಸರ್, ರಕ್ತನಾಳ ಎಲ್ಲಾ ಅದ್ರಲ್ಲೇ ಬರುತ್ತೆ" ಅಂದ. ನಾನು ಹೂಂ ಅಂದೆ. ಆ ಒಂದು ಹೂಂ ಈಗಲೂ ಹೊಟ್ಟೆ ಉರಿಸುತ್ತೆ. ಸಂಜೆ ರಿಪೋರ್ಟ್ 'ನಾರ್ಮಲ್' ಅಂತ ಬಂತು. ಸಮಾಧಾನ ಆಗಿ ಮಂಡಕ್ಕಿ ಮಿರ್ಚಿ ಬೇರೆ ತಿಂದು ಮನೆಗೆ ಬಂದೆ!

ಮರುದಿನ ಡಾಕ್ಟ್ರು ಫಿಲ್ಮ್ ಹಿಡಿದು ಒಂದೊಂದೇ ನೋಡಿದ್ರು. ಆಮೇಲೆ ನನ್ನ ಮುಖ ನೋಡಿದ್ರು. "ಇದು ಎಂಆರ್‌ಎ, ಅಂದ್ರೆ ಆಂಜಿಯೋ. ಮೆದುಳಿಗೆ ರಕ್ತ ತಗೊಂಡು ಹೋಗೋ ಆರ್ಟರಿ ತೆಗೆದಿದ್ದಾರೆ. ನಾನು ಕೇಳಿದ್ದು ರಕ್ತ ವಾಪಸ್ ಬರೋ ವೇನ್. ಎಲ್ಲಿದೆ ಎಂಆರ್‌ವಿ, ವೀನೋಗ್ರಾಮ್?"

ಹೆರಿಗೆಯಾದ ವಾರಗಳಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತಂತೆ, ಮೈಯಲ್ಲಿ ನೀರು ಕಮ್ಮಿಯಾದ್ರೆ ಇನ್ನೂ ಜಾಸ್ತಿ. ವೇನ್‌ನಲ್ಲಿ ಕಟ್ಟಿದ ಹೆಪ್ಪು ಬರೀ ಬ್ರೈನ್ ಸ್ಕ್ಯಾನ್‌ನಲ್ಲಿ ಕಣ್ತಪ್ಪಬಹುದಂತೆ. ಬೇರೆ ಕಡೆ ಮಾಡಿಸಿದ್ವಿ. ನೆತ್ತಿಯ ಕೆಳಗೆ ಹಿಂದಕ್ಕೆ ಹೋಗೋ ದೊಡ್ಡ ನಾಳ, ಬೆಳ್ಳಗೆ ಬರಬೇಕಾದ ಗೆರೆ ನಡುವೆ ಕಡಿದುಹೋಗಿತ್ತು. ಅಲ್ಲೇ ಹೆಪ್ಪು. ಅವತ್ತೇ ಅಡ್ಮಿಟ್, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಹೆಪಾರಿನ್ ಶುರು. ಒಂದು ಇಡೀ ರಾತ್ರಿ ಸುಮ್ನೆ ಹೋಯ್ತು. ಅದೇ ಮಷಿನ್‌ನಲ್ಲಿ ಇನ್ನೊಂದಿಷ್ಟು ನಿಮಿಷ ಮಲಗಿಸಿದ್ರೆ ಆಗೋ ಕೆಲಸಕ್ಕೆ!

ಸೆಂಟರ್‌ಗೆ ಫೋನ್ ಮಾಡಿದ್ರೆ, "ಎರಡೂ ರಕ್ತನಾಳನೇ ಅಲ್ವಾ ಸರ್?" ಜೋರು ಮಾಡಿದ್ಮೇಲೆ, "ನೀವೇ ಒಪ್ಪಿದ್ರಲ್ಲ, ಫಾರಂನಲ್ಲಿ ನಿಮ್ದೇ ಸೈನ್ ಇದೆ." ಮತ್ತೆ, "ಪೇಷಂಟ್‌ನ ಕರ್ಕೊಂಡು ಬನ್ನಿ, ವೀನೋ ಅರ್ಧ ರೇಟಿಗೆ ಮಾಡ್ಕೊಡ್ತೀವಿ." ಐಸಿಯುನಲ್ಲಿ ಮಲಗಿರೋಳನ್ನ! ಕೊನೆಗೆ ಲೈನಿಗೆ ಬಂದ ದೊಡ್ಡವರು ಹೇಳಿದ್ದು: "ರಿಪೋರ್ಟ್ ತಪ್ಪಿಲ್ಲ ರೀ. ಆರ್ಟರಿ ನಾರ್ಮಲ್ ಇದೆಯಲ್ಲ?" ಅದಕ್ಕೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ನಿಜಾನೇ.

ದುಡ್ಡು ಕಟ್ಟೋಕೆ ಮುಂಚೆ ಚೀಟಿ, ಬಿಲ್ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಬದಲಾಯಿಸ್ತೀವಿ ಅಂದ್ರೆ ಅಲ್ಲೇ ನಿಂತು ಡಾಕ್ಟ್ರಿಗೆ ಫೋನ್ ಮಾಡಿ. 'ಪ್ಯಾಕೇಜ್' ಅನ್ನೋ ಮಾತು ಕೇಳಿದ್ರೆ ಎದ್ದು ಬನ್ನಿ.

ತಂಗಿ ಮನೆಗೆ ಬಂದಿದ್ದಾಳೆ, ರಕ್ತ ತೆಳು ಮಾಡೋ ಮಾತ್ರೆ ನಡೀತಿದೆ. ದುಡ್ಡು ವಾಪಸ್ ಕೇಳಿ ಮೂರು ವಾರ ಆಯ್ತು. ಮ್ಯಾನೇಜರ್ ಊರಲ್ಲಿಲ್ವಂತೆ.